ಮುನ್ನುಡಿಗಿಂತ ಮೊದಲು ಎಡಿಟರ್

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಕಾದಂಬರಿ ಬರೆಯುವವರಿಗೆ ಬರವಿಲ್ಲ. ಸಾಲಿ ಮಾಸ್ತರರಿದ್ದಾರೆ, ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ಹೊಲ ಮನಿ ನೋಡಿಕೊಂಡು ರಾತ್ರಿ ಬರೆಯುವವರೂ ಇದ್ದಾರೆ. ಕೊನೆಯ ಪುಟ ಮುಗಿಯಿತೋ, ಧಾರವಾಡದ ಬಸ್ ಹತ್ತಿ ದೊಡ್ಡ ಸಾಹಿತಿಯೊಬ್ಬರ ಮನೆಗೆ ಹೋಗಿ ‘ಸರ್, ಒಂದ್ ಮುನ್ನುಡಿ ಬರದ ಕೊಡ್ರಿ’ ಅನ್ನುತ್ತಾರೆ. ಮುನ್ನುಡಿ ಬರುತ್ತದೆ, ಬೆನ್ನುಡಿ ಬರುತ್ತದೆ, ಬಿಡುಗಡೆಯ ದಿನ ಶಾಲು ಹಾರಗಳೂ ಬರುತ್ತವೆ. ಮೂರನೆಯ ಅಧ್ಯಾಯದಲ್ಲಿ ತೀರಿಹೋದ ಕಾಕಾ ಹನ್ನೊಂದನೆಯ ಅಧ್ಯಾಯದಲ್ಲಿ ಮದುವೆ ಊಟಕ್ಕೆ ಕೂತದ್ದು ಮಾತ್ರ ಹಾಗೇ ಅಚ್ಚಾಗಿರುತ್ತದೆ. ಮುನ್ನುಡಿಕಾರರು ಅದನ್ನು ಹೇಳುವುದಿಲ್ಲ, ಹೇಳುವುದು ಅವರ ಕೆಲಸವೂ ಅಲ್ಲ. ಅದಕ್ಕೆ ಕೂಲಿ ಕೊಟ್ಟು ಒಬ್ಬ ಎಡಿಟರನ್ನು ಹಿಡಿಯಬೇಕು. ಹಿಡಿಯುವುದು ಹೇಗೆ?

1. ಮೊದಲು ಹಸ್ತಪ್ರತಿಯನ್ನು ಒಂದು ತಿಂಗಳು ಮುಟ್ಟದೆ ಇಡಿ. ಆಮೇಲೆ ನೀವೇ ಗಟ್ಟಿಯಾಗಿ ಓದಿ. ನಿಮ್ಮ ಕಣ್ಣಿಗೇ ಬೀಳುವ ತಪ್ಪು ತಿದ್ದಲು ಇನ್ನೊಬ್ಬರಿಗೆ ದುಡ್ಡು ಕೊಡಬೇಡಿ.

2. ಯಾವ ಕೆಲಸ ಬೇಕು ಎಂಬುದನ್ನು ಗೊತ್ತು ಮಾಡಿಕೊಳ್ಳಿ. ಕಥೆಯ ಕಟ್ಟು ನೋಡುವುದು ಒಂದು, ವಾಕ್ಯ ವಾಕ್ಯ ತಿದ್ದುವುದು ಇನ್ನೊಂದು, ಪುಟ ಕಟ್ಟಿದ ಮೇಲೆ ಕರಡು ನೋಡುವುದು ಮತ್ತೊಂದು. ನಮ್ಮಲ್ಲಿ ಮೂರಕ್ಕೂ ‘ಸ್ವಲ್ಪ ನೋಡಿ ಕೊಡ್ರಿ’ ಎಂಬ ಒಂದೇ ಮಾತು. ಹಾಗೆ ಕೊಟ್ಟರೆ ಎದುರಿನವರು ದೀರ್ಘ ಹ್ರಸ್ವ ತಿದ್ದಿ ವಾಪಸು ಕೊಡುತ್ತಾರೆ. ಕಥೆಯ ಕಟ್ಟು ಎಂಥ ಕೆಲಸ ಎಂಬುದಕ್ಕೆ ಅಮೆರಿಕದ ಹಾರ್ಪರ್ ಲೀ ಒಳ್ಳೆಯ ಉದಾಹರಣೆ. ದೊಡ್ಡವಳಾದ ಮಗಳು ಊರಿಗೆ ಮರಳುವ ಕಥೆಯನ್ನು ಆಕೆ ಪ್ರಕಾಶಕರಿಗೆ ಕೊಟ್ಟಿದ್ದಳು. ಅಲ್ಲಿನ ಎಡಿಟರ್ ಟೇ ಹೋಹಾಫ್ ಅದನ್ನು ಮತ್ತೆ ಮತ್ತೆ ಬರೆಸಿದಳು. 1960ರಲ್ಲಿ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಆಗಿ ಹೊರಬಂದದ್ದು ಅದೇ ಹುಡುಗಿಯ ಬಾಲ್ಯದ ಕಥೆ. ಹಳೆಯ ರೂಪವೂ 2015ರಲ್ಲಿ ಅಚ್ಚಾಯಿತು. ಎರಡನ್ನೂ ಓದಿದವರಿಗೆ ಎಡಿಟರ್ ಕೂಲಿ ಯಾಕೆ ಎಂದು ಬಿಡಿಸಿ ಹೇಳಬೇಕಿಲ್ಲ.

3. ‘ಹಿಂದಿನವರಿಗೆ ಎಲ್ಲಿತ್ತು ಎಡಿಟರ್’ ಎನ್ನುವವರ ಮಾತು ಕೇಳಬೇಡಿ. ಇತ್ತು, ಬೈಲಹೊಂಗಲದ ಬಸ್ಸಿಗೆ ಎಟುಕುವಷ್ಟು ಹತ್ತಿರದಲ್ಲೇ ಇತ್ತು. ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲಾದ ಆ ಹೆಸರಾಂತ ಅಟ್ಟದ ಮೇಲೆ ಕೀರ್ತಿನಾಥ ಕುರ್ತಕೋಟಿಯವರಂಥ ಓದುಗರು ಕೂತಿರುತ್ತಿದ್ದರು. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ, ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಅಲ್ಲಿಂದಲೇ ಬಂದವು. ಓದಿ, ಜಗಳಾಡಿ, ಆಮೇಲೆ ಅಚ್ಚಿಗೆ ಕಳಿಸುವ ಪ್ರಕಾಶಕರು ಈಗಲೂ ಕೆಲವರಿದ್ದಾರೆ. ಆದರೆ ಸ್ವಂತ ಖರ್ಚಿನಲ್ಲಿ ಐನೂರು ಪ್ರತಿ ಹಾಕಿಸುವವರಿಗೆ ಆ ಅಟ್ಟ ಸಿಗುವುದಿಲ್ಲ. ಪ್ರಿಂಟಿಂಗ್ ಪ್ರೆಸ್ಸಿನವರು ಕೊಟ್ಟದ್ದನ್ನು ಕೊಟ್ಟ ಹಾಗೆ ಅಚ್ಚು ಹಾಕುತ್ತಾರೆ. ಅಟ್ಟದ ಕೆಲಸದ ಖರ್ಚು ಈಗ ನಿಮ್ಮ ಲೆಕ್ಕಕ್ಕೆ.

4. ಎಡಿಟರ್ ಸಿಗುವುದು ಪುಸ್ತಕಗಳ ಒಳಗೇ. ನಿಮಗೆ ಮೆಚ್ಚುಗೆಯಾದ, ಇತ್ತೀಚೆಗೆ ಬಂದ ನಾಲ್ಕು ಕಾದಂಬರಿ ತೆಗೆದು ಅರಿಕೆಯ ಪುಟ ಓದಿ. ಹಸ್ತಪ್ರತಿ ಓದಿ ತಿದ್ದಿದವರ ಹೆಸರು ಅಲ್ಲಿರುತ್ತದೆ. ಹುಬ್ಬಳ್ಳಿ, ಬೆಳಗಾವಿಯ ಪತ್ರಿಕೆಗಳ ಸಾಪ್ತಾಹಿಕ ಪುರವಣಿಯಲ್ಲಿ ಕೆಲಸ ಮಾಡಿದ ಉಪಸಂಪಾದಕರೂ ಒಳ್ಳೆಯ ಆಯ್ಕೆ, ಕತ್ತರಿ ಹಾಕಲು ಅವರ ಕೈ ಹೆದರುವುದಿಲ್ಲ. ನಿವೃತ್ತ ಕನ್ನಡ ಪ್ರಾಧ್ಯಾಪಕರ ಬಗ್ಗೆ ಗೌರವವಿಟ್ಟುಕೊಂಡೇ ಒಂದು ಮಾತು: ಹಳಗನ್ನಡ, ಛಂದಸ್ಸು ಬಲ್ಲವರೆಲ್ಲ ಕಾದಂಬರಿ ಓದುವವರಾಗಿರುವುದಿಲ್ಲ. ಈ ವರ್ಷ ಯಾವ ಕಾದಂಬರಿ ಓದಿದಿರಿ ಎಂದು ಕೇಳಿ ನೋಡಿ.

5. ಮಾದರಿಗೆ ಹತ್ತು ಪುಟ ಕೊಡಿ. ಮೊದಲ ಅಧ್ಯಾಯ ಬೇಡ, ಅದನ್ನು ನೀವು ಸಾಕಷ್ಟು ಸಲ ತಿದ್ದಿರುತ್ತೀರಿ. ನಡುವಿನದು ಕೊಡಿ. ಆ ಹತ್ತು ಪುಟದ ಕೂಲಿಯನ್ನೂ ಕೊಡಿ. ಬಂದ ಪುಟಗಳಲ್ಲಿ ತಿದ್ದುಪಡಿಗಿಂತ ಪ್ರಶ್ನೆಗಳು ಹೆಚ್ಚಿದ್ದರೆ ಆ ಎಡಿಟರನ್ನು ಬಿಡಬೇಡಿ.

6. ಈ ಸೀಮೆಯ ಲೇಖಕರು ಹೆಚ್ಚು ಎಚ್ಚರ ವಹಿಸಬೇಕಾದ್ದು ಮಾತಿನ ವಿಷಯದಲ್ಲಿ. ದೂರದ ಎಡಿಟರ್ ಕೈಗೆ ಸಿಕ್ಕಿದರೆ ಅಬಚಿ ಚಿಕ್ಕಮ್ಮನಾಗುತ್ತಾಳೆ, ಅರಿವಿ ಬಟ್ಟೆಯಾಗುತ್ತದೆ, ‘ಹೊಂಟೇನಿ’ ಅಂದವಳು ‘ಹೊರಟಿದ್ದೇನೆ’ ಅನ್ನತೊಡಗುತ್ತಾಳೆ. ಪುಸ್ತಕ ಶುದ್ಧವಾಗುತ್ತದೆ, ಊರು ಖಾಲಿಯಾಗುತ್ತದೆ. ಇದೇ ಬೆಳಗಾವಿ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರು ತಮ್ಮ ಮಾತನ್ನು ಬಿಡದೆಯೇ ‘ಕರಿಮಾಯಿ’ ಬರೆದರು. ಅತ್ತ ನಂಜನಗೂಡಿನ ಸೀಮೆಯ ಮಾತಿನಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲಿ ಬಂತು. ಹಾಗೆಂದು ನಮ್ಮ ಭಾಷೆ ಎಂಬ ನೆವದಲ್ಲಿ ಗೊಂದಲವನ್ನೆಲ್ಲ ಉಳಿಸಿಕೊಳ್ಳುವಂತಿಲ್ಲ. ‘ಮಾಡಾಕತ್ತಾನ’ ಅನ್ನುವ ಮನೆ ಬೇರೆ, ‘ಮಾಡ್ಲಿಕ್ಹತ್ತಾನ’ ಅನ್ನುವ ಮನೆ ಬೇರೆ. ಒಬ್ಬಳೇ ಅವ್ವ ಇಪ್ಪತ್ತನೆಯ ಪುಟದಲ್ಲಿ ಒಂದು, ತೊಂಬತ್ತರಲ್ಲಿ ಇನ್ನೊಂದು ಅಂದರೆ ಎಡಿಟರ್ ಹಿಡಿದು ಕೇಳಬೇಕು. ಈ ಎರಡರ ನಡುವಿನ ವ್ಯತ್ಯಾಸ ಕಿವಿಗೆ ಬೀಳದವರಿಗೆ ಈ ಕೆಲಸ ಕೊಡಬೇಡಿ. ಮುಟ್ಟಬಾರದ ಮಾತುಗಳ ಪಟ್ಟಿಯೊಂದನ್ನು ನೀವೇ ಮಾಡಿ ಹಸ್ತಪ್ರತಿಯ ಜತೆಗೆ ಕಳಿಸಿ. ನಿರೂಪಣೆ ಯಾವ ಕನ್ನಡದಲ್ಲಿ, ಸಂಭಾಷಣೆ ಯಾವ ಕನ್ನಡದಲ್ಲಿ ಎಂಬುದೂ ಅದರಲ್ಲಿರಲಿ.

7. ಇಸವಿ, ಊರು, ಹಂಗಾಮು ತಾಳೆ ನೋಡಿಸಿ. ಕಿತ್ತೂರಿನವರು ಬರೆದ ಮೇಲೆ ಚನ್ನಮ್ಮ, ರಾಯಣ್ಣ ಎಲ್ಲೋ ಒಂದು ಕಡೆ ಬಂದೇ ಬರುತ್ತಾರೆ. ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತದ್ದು 1824ರ ಅಕ್ಟೋಬರ್ 23ರ ಕಾಳಗದಲ್ಲಿ, ಕೋಟೆ ಕೈಬಿಟ್ಟದ್ದು ಅದೇ ಡಿಸೆಂಬರಿನ ಎರಡನೆಯ ಯುದ್ಧದಲ್ಲಿ, ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಉತ್ಸಾಹದ ಕೈಯಲ್ಲಿ ಈ ಮೂರೂ ಒಂದೇ ವರ್ಷದೊಳಗೆ ನಡೆದುಹೋಗುತ್ತವೆ. ಚಿಕ್ಕ ತಪ್ಪುಗಳು ಇನ್ನೂ ಮೋಸದವು. 1930ರ ಕಥೆಯಲ್ಲಿ ನಾಯಕ ಆಗಿನ್ನೂ ಕಟ್ಟಿರದ ನವಿಲುತೀರ್ಥದ ಡ್ಯಾಮ್ ಮೇಲೆ ನಿಂತಿರುತ್ತಾನೆ. 1948ರವರೆಗೆ ಸಂಸ್ಥಾನವಾಗಿದ್ದ ರಾಮದುರ್ಗಕ್ಕೆ 1940ರಲ್ಲೇ ಬ್ರಿಟಿಷ್ ಕಲೆಕ್ಟರ್ ಅಮಲ್ದಾರಿ ಮಾಡುತ್ತಾನೆ. 1955ರ ಸವದತ್ತಿಯ ಮುದುಕ ಮೈಸೂರು ಸರಕಾರವನ್ನು ಬೈಯುತ್ತಾನೆ, ಆಗ ಅವನು ಬೈಯಬೇಕಾದದ್ದು ಮುಂಬೈ ಸರಕಾರವನ್ನು. 1957ಕ್ಕೆ ಮೊದಲು ನಯಾ ಪೈಸೆಯ ಮಾತಿಲ್ಲ, ಆಣೆಯ ಲೆಕ್ಕ. ಹಿಂಗಾರಿ ಜೋಳದ ಸೀತನಿಯನ್ನು ಶ್ರಾವಣದಲ್ಲಿ ತಿನ್ನಿಸಿದರೆ, ಎಲ್ಲಮ್ಮನ ಭಾರತ ಹುಣ್ಣಿವಿ ಜಾತ್ರೆಯನ್ನು ಮಳೆಗಾಲದಲ್ಲಿ ಮಾಡಿಸಿದರೆ ಬೆಂಗಳೂರಿನ ಓದುಗ ಸುಮ್ಮನಿರಬಹುದು, ಯರಗಟ್ಟಿಯ ಓದುಗ ಪುಸ್ತಕ ಮುಚ್ಚಿಡುತ್ತಾನೆ.

8. ದುಡ್ಡಿನ ಮಾತನ್ನು ಮೊದಲ ದಿನವೇ ಆಡಿ ಮುಗಿಸಿ. ‘ಸರ್‌ಗೆ ರೊಕ್ಕ ಹ್ಯಾಂಗ ಕೊಡೋದ್ರಿ, ತಪ್ಪ ತಿಳಕೊಂಡಾರು’ ಎಂಬ ಸಂಕೋಚದಲ್ಲೇ ನಮ್ಮ ಹಸ್ತಪ್ರತಿಗಳು ವರ್ಷಗಟ್ಟಲೆ ಯಾರದೋ ಕಪಾಟಿನಲ್ಲಿ ಕೂರುತ್ತವೆ. ಪುಕ್ಕಟೆ ಕೆಲಸಕ್ಕೆ ಗಡುವು ಹಾಕಲು ಬರುವುದಿಲ್ಲ, ಗಟ್ಟಿಯಾಗಿ ಕೇಳಲೂ ಬರುವುದಿಲ್ಲ. ಪುಟಕ್ಕಿಷ್ಟೋ ಸಾವಿರ ಪದಕ್ಕಿಷ್ಟೋ ಕೇಳಿ. ಪದದ ಲೆಕ್ಕವೇ ಮೇಲು, ಅಕ್ಷರದ ಗಾತ್ರ ಬದಲಾದರೂ ಅದು ಬದಲಾಗದು. ಮುಂಗಡ ಎಷ್ಟು, ಯಾವ ತಾರೀಖಿಗೆ ಮುಗಿಯಬೇಕು, ಎಷ್ಟು ಸುತ್ತು ತಿದ್ದುವುದು, ನಡುವೆ ಬಿಟ್ಟರೆ ಏನು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಬರೆದವರೇ ಮೊದಲ ಹಕ್ಕುದಾರರು, ಆದರೂ ಹಕ್ಕು ಲೇಖಕರದೇ ಎಂಬ ಒಂದು ಸಾಲು ಹಾಳೆಯಲ್ಲಿರಲಿ. ಖರ್ಚಾಯಿತೆಂದು ಕೊರಗುವವರಿಗೆ ಒಂದು ಲೆಕ್ಕ: ಹದಿನಾರು ಪುಟಕ್ಕೆ ಒಂದು ಫಾರಂ. 256 ಪುಟದ ಪುಸ್ತಕದಿಂದ 32 ಪುಟ ಬೇಡದ್ದನ್ನು ತೆಗೆಸಿದರೆ ಪ್ರತಿಯೊಂದಕ್ಕೆ ಎರಡು ಫಾರಮ್ಮಿನ ಕಾಗದ, ಅಚ್ಚು ಉಳಿಯುತ್ತದೆ.

9. ‘ಎಡಿಟಿಂಗ್, ಮುಖಪುಟ, ಐಎಸ್‌ಬಿಎನ್ ಎಲ್ಲ ಸೇರಿ ಪ್ಯಾಕೇಜ್’ ಅಂದವರಿಗೆ ಒಂದೊಂದರ ದರ ಬೇರೆ ಬೇರೆ ಬರೆದು ಕೊಡಲು ಹೇಳಿ. ಐಎಸ್‌ಬಿಎನ್ ಅನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಪುಕ್ಕಟೆ ಕೊಡುತ್ತದೆ.

10. ಫೈಲನ್ನು ಯೂನಿಕೋಡ್‌ನಲ್ಲೇ ಕೊಡಿ. ಹಳೆಯ ನುಡಿ ಫಾಂಟಿನದನ್ನು ಬದಲಾಯಿಸಿದಾಗ ಅರ್ಕಾವತ್ತು, ಒತ್ತಕ್ಷರ ಕೆಡುತ್ತವೆ, ಎಡಿಟರ್ ಅರ್ಧ ಕೂಲಿ ಅದಕ್ಕೇ ಸವೆಯುತ್ತದೆ. ತಿದ್ದುಪಡಿಗಳು ಬಣ್ಣದಲ್ಲಿ ಕಾಣುವಂತೆ ಟ್ರ್ಯಾಕ್ ಚೇಂಜಸ್ ಹಾಕಿಸಿ, ಮೂಲ ಫೈಲ್ ಬೇರೆ ತೆಗೆದಿಡಿ.

11. ತಿದ್ದಿದ ಪ್ರತಿ ಬಂದ ದಿನ ಫೋನ್ ಮಾಡಬೇಡಿ, ಸಿಟ್ಟು ಬಂದಿರುತ್ತದೆ. ಎಡಿಟರ್ ಹೇಳಿದ್ದೆಲ್ಲ ವೇದವಾಕ್ಯವಲ್ಲ. ಆದರೆ ‘ಇಲ್ಲಿ ಬೇಸರ ಬಂತು’ ಎಂದು ಗುರುತು ಹಾಕಿದ ಜಾಗದಲ್ಲಿ ಏನೋ ಕೆಟ್ಟಿರುವುದು ಖರೆ. ಮದ್ದು ಅವರು ಹೇಳಿದ್ದೇ ಆಗಬೇಕಿಲ್ಲ, ನಿಮ್ಮದನ್ನು ಹುಡುಕಿ.

12. ಕೊನೆಯ ಕರಡನ್ನು ಎಡಿಟರೂ ನೀವೂ ಬಿಟ್ಟು ಮೂರನೆಯವರೊಬ್ಬರು ನೋಡಲಿ. ಅರಿಕೆಯ ಪುಟದಲ್ಲಿ ಎಡಿಟರ್ ಹೆಸರು ಹಾಕಿ, ಪುಸ್ತಕ ಬಂದ ವಾರ ಎರಡು ಪ್ರತಿ ಅವರ ಮನೆಗೆ ಮುಟ್ಟಿಸಿ. ಕೂಲಿ ಕೊಟ್ಟಾಗಿದೆ ಎಂದು ಪ್ರತಿ ತಪ್ಪಿಸಬೇಡಿ.