ವಧಾಲಯದ ತ್ಯಾಜ್ಯ: ನಾಗರಿಕರ ಹಕ್ಕು ಮತ್ತು ದೂರಿನ ದಾರಿ

ವಧಾಲಯದಿಂದ, ಅಂದರೆ ರೂಢಿಯ ಮಾತಿನ ಕಸಾಯಿಖಾನೆಯಿಂದ, ಹೊರಬೀಳುವ ರಕ್ತ, ಕೊಬ್ಬು, ಕರುಳು, ಜಠರದ ಅರೆಜೀರ್ಣ ಮೇವು ಮತ್ತು ತೊಳೆದ ನೀರು ಸಂಸ್ಕರಣೆಯಿಲ್ಲದೆ ರಾಜಕಾಲುವೆಗೆ ಸೇರಿದಾಗ ಆಗುವ ಹಾನಿ ದುರ್ವಾಸನೆಗಷ್ಟೇ ನಿಲ್ಲುವುದಿಲ್ಲ. ಇಂಥ ಸಾವಯವ ಪದಾರ್ಥವನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರಿಕೊಳ್ಳುತ್ತವೆ; ಅವುಗಳಿಗೆ ಬೇಕಾಗುವ ಆಮ್ಲಜನಕದ ಪ್ರಮಾಣವನ್ನೇ ಜೈವಿಕ ಆಮ್ಲಜನಕ ಬೇಡಿಕೆ ಅಥವಾ ಬಿಒಡಿ ಎನ್ನುತ್ತಾರೆ. ರಕ್ತದ ಬಿಒಡಿ ಮನೆಗಳ ಚರಂಡಿ ನೀರಿಗಿಂತ ಹಲವು ಪಟ್ಟು ಹೆಚ್ಚಿರುವುದರಿಂದ, ಅದು ಸೇರಿದ ಕೆರೆಯಲ್ಲಿ ಮೀನುಗಳು ಉಸಿರಾಡಲಾಗದೆ ಸಾಯುತ್ತವೆ.

ರೋಗ ಹರಡುವ ದಾರಿಗಳಲ್ಲಿ ಜನರ ಗಮನಕ್ಕೆ ಅಷ್ಟಾಗಿ ಬಾರದ ಒಂದನ್ನು ಇಲ್ಲಿ ವಿವರವಾಗಿ ಹೇಳಬೇಕು. ಕುರಿ, ಮೇಕೆ, ದನಗಳ ಯಕೃತ್ತು ಮತ್ತು ಶ್ವಾಸಕೋಶಗಳಲ್ಲಿ ಲಾಡಿಹುಳುವಿನ ಮರಿಗಳಿರುವ ನೀರ್ಗುಳ್ಳೆಗಳು ಇರಬಹುದು. ಬಯಲಿಗೆಸೆದ ಆ ಅಂಗಗಳನ್ನು ತಿಂದ ಬೀದಿನಾಯಿಯ ಕರುಳಿನಲ್ಲಿ ಹುಳು ಬೆಳೆದು, ಅದರ ಮೊಟ್ಟೆಗಳು ನಾಯಿಯ ಮಲದ ಮೂಲಕ ಮಣ್ಣು, ಸೊಪ್ಪು, ನೀರನ್ನು ಸೇರಿ, ಕೊನೆಗೆ ಮನುಷ್ಯರ ಯಕೃತ್ತಿನಲ್ಲಿಯೂ ಅಂಥದೇ ಗುಳ್ಳೆಗಳನ್ನು ಬೆಳೆಸುತ್ತವೆ. ಪ್ರಾಣಿಗಳಿಂದ ಹರಡುವ ಬ್ರೂಸೆಲ್ಲೋಸಿಸ್ ಮತ್ತು ಇಲಿ ಜ್ವರದ ಅಪಾಯಕ್ಕೆ ಎಲ್ಲರಿಗಿಂತ ಮೊದಲು ಒಳಗಾಗುವವರು ವಧಾಲಯದಲ್ಲಿ ಬರಿಗೈಯಲ್ಲಿ ದುಡಿಯುವ ಕಾರ್ಮಿಕರೇ ಆದ್ದರಿಂದ, ತ್ಯಾಜ್ಯದ ವಿರುದ್ಧದ ದೂರನ್ನು ಯಾರದೇ ಆಹಾರದ ಅಥವಾ ಜೀವನೋಪಾಯದ ವಿರುದ್ಧದ ದೂರೆಂದು ತಿಳಿಯುವುದೂ, ಹಾಗೆ ಬಳಸುವುದೂ ತಪ್ಪು.

ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿ ಮಾಲಿನ್ಯರಹಿತ ನೀರು ಮತ್ತು ಗಾಳಿಯ ಹಕ್ಕೂ ಸೇರಿದೆಯೆಂದು ಸುಪ್ರೀಂ ಕೋರ್ಟ್ 1991ರಲ್ಲಿ, ಸುಭಾಷ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. 1974ರ ಜಲ ಮಾಲಿನ್ಯ ಕಾಯ್ದೆಯ 24ನೇ ಕಲಂ ತೊರೆಗೆ ಅಥವಾ ಬಾವಿಗೆ ಮಾಲಿನ್ಯಕಾರಕ ವಸ್ತುವನ್ನು ಬಿಡುವುದನ್ನು ನಿಷೇಧಿಸುತ್ತದೆ; 25ನೇ ಕಲಮಿನಂತೆ ತ್ಯಾಜ್ಯನೀರು ಹೊರಬಿಡುವ ಘಟಕವು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯನ್ನು ಪಡೆದಿರಬೇಕು; ಷರತ್ತು ಮೀರಿದ ಘಟಕವನ್ನು ಮುಚ್ಚಿಸಲು, ಅದರ ವಿದ್ಯುತ್ ಮತ್ತು ನೀರಿನ ಸಂಪರ್ಕ ಕಡಿತಗೊಳಿಸಲು 33ಎ ಕಲಂ ಮಂಡಳಿಗೆ ಅಧಿಕಾರ ನೀಡುತ್ತದೆ. ನಗರ ಪ್ರದೇಶಗಳಲ್ಲಿ ಮಾನ್ಯತೆ ಅಥವಾ ಪರವಾನಗಿ ಪಡೆದ ವಧಾಲಯದಲ್ಲಿ ಮಾತ್ರ ಪ್ರಾಣಿವಧೆ ನಡೆಯಬೇಕೆಂದು 2001ರ ವಧಾಲಯ ನಿಯಮಗಳು ಹೇಳುತ್ತವೆ.

ಆದ್ದರಿಂದ ನಾಗರಿಕರ ಮೊದಲ ಹೆಜ್ಜೆ ಸಮ್ಮತಿ ಪತ್ರದ ಪ್ರತಿಯನ್ನು ಕೇಳುವುದೇ ಆಗಿರಬೇಕು. ಮಾಹಿತಿ ಹಕ್ಕು ಕಾಯ್ದೆಯಡಿ ಮಂಡಳಿಯ ಪ್ರಾದೇಶಿಕ ಕಚೇರಿಗೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿದರೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು. ಆ ಪತ್ರದ ಷರತ್ತುಗಳನ್ನು ಸ್ಥಳದ ಸ್ಥಿತಿಯೊಂದಿಗೆ ಹೋಲಿಸಿ ಬರೆದ ದೂರಿಗೆ ತೂಕ ಹೆಚ್ಚು. ಚರಂಡಿ ನೀರನ್ನು ಬಾಟಲಿಯಲ್ಲಿ ತುಂಬಿ ತಂದರೆ ಅದೇ ಸಾಕ್ಷ್ಯವಾಗುತ್ತದೆಂಬ ನಂಬಿಕೆ ಸರಿಯಲ್ಲ, ಏಕೆಂದರೆ ಜಲ ಮಾಲಿನ್ಯ ಕಾಯ್ದೆಯಡಿ ಮಂಡಳಿಯ ಅಧಿಕಾರಿಯು ಘಟಕದವರಿಗೆ ನೋಟಿಸು ನೀಡಿ, ಮಾದರಿಯನ್ನು ಎರಡು ಭಾಗ ಮಾಡಿ, ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳುಹಿಸುವ ವಿಧಾನವನ್ನು 21ನೇ ಕಲಂ ಗೊತ್ತುಪಡಿಸಿದೆ. ದಿನಾಂಕವಿರುವ ಛಾಯಾಚಿತ್ರಗಳನ್ನು ಲಗತ್ತಿಸಿ, ಮಾದರಿ ಸಂಗ್ರಹಿಸುವಂತೆ ಲಿಖಿತವಾಗಿ ಕೋರಿ, ದೂರಿನ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಪಡೆಯಬೇಕು.

ಎಷ್ಟೋ ಸಲ ವಧಾಲಯವನ್ನು ನಡೆಸುವ ಅಥವಾ ಚರಂಡಿಯನ್ನು ನಿರ್ವಹಿಸುವ ಹೊಣೆ ಸ್ಥಳೀಯ ಸಂಸ್ಥೆಯದೇ ಆಗಿರುತ್ತದೆ, ಮತ್ತು ಅದರಿಂದ ಬರುವ ಉತ್ತರ ಅನುದಾನವಿಲ್ಲ ಎಂಬುದು. ಈ ಉತ್ತರ ಕಾನೂನಿನ ಮುಂದೆ ನಿಲ್ಲದು. ಮಧ್ಯಪ್ರದೇಶದ ರತ್ಲಾಮ್‌ನ ತೆರೆದ ಚರಂಡಿಗಳ ಪ್ರಕರಣದಲ್ಲಿ, ಹಣದ ಕೊರತೆಯ ನೆಪದಿಂದ ಪುರಸಭೆ ತನ್ನ ಶಾಸನಬದ್ಧ ಕರ್ತವ್ಯದಿಂದ ನುಣುಚಿಕೊಳ್ಳುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1980ರಲ್ಲೇ ತೀರ್ಪಿತ್ತಿದೆ. ರತ್ಲಾಮ್‌ನ ನಿವಾಸಿಗಳು ಆಗ ಬಳಸಿದ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮಿನ ಜಾಗದಲ್ಲಿ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಇದೆ. ಅದರಡಿ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಸಲ್ಲಿಸಿ ಸಾರ್ವಜನಿಕ ಉಪದ್ರವವನ್ನು ನಿವಾರಿಸುವ ಆದೇಶ ಕೋರಬಹುದು.

ಇಲ್ಲೆಲ್ಲೂ ಪರಿಹಾರ ಸಿಗದಿದ್ದರೆ, ಕರ್ನಾಟಕದವರಿಗೆ ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠವಿದೆ. ವಿವಾದದ ಕಾರಣ ಮೊದಲು ಉಂಟಾದ ದಿನದಿಂದ 6 ತಿಂಗಳೊಳಗೆ, ನಷ್ಟ ಪರಿಹಾರ ಮತ್ತು ಪರಿಸರದ ಪುನಃಸ್ಥಾಪನೆಗಾದರೆ 5 ವರ್ಷಗಳೊಳಗೆ ಅರ್ಜಿ ಹಾಕಬೇಕು; ಸಕಾರಣವಿದ್ದರೆ ಇನ್ನೂ 60 ದಿನಗಳ ವಿನಾಯಿತಿ ದೊರೆಯಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರಾಗಿದ್ದು, ಅದಕ್ಕಾಗಿ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು ಅಥವಾ 15100 ಸಹಾಯವಾಣಿಗೆ ಕರೆ ಮಾಡಬಹುದು.