ಬೀದಿ ಪುಕ್ಕಟೆ, ಬಾಗಿಲಿಗೆ ಟಿಕೆಟ್

ವಾಷಿಂಗ್ಟನ್ ಸುತ್ತಮುತ್ತ ನನಗೆ ಪರಿಚಯವಿರುವ ಕನ್ನಡದ ಮನೆಯವರೆಲ್ಲ ಬೇಸಿಗೆ ರಜೆಯಲ್ಲಿ ಒಮ್ಮೆಯಾದರೂ ಮಕ್ಕಳನ್ನು ಕರೆದುಕೊಂಡು ವರ್ಜೀನಿಯಾದ ವಿಲಿಯಮ್ಸ್‌ಬರ್ಗ್ ನೋಡಿ ಬಂದವರೇ. ಊರಿನಿಂದ ಅಪ್ಪ ಅಮ್ಮ ಬಂದಿದ್ದರಂತೂ ನಯಾಗರಾ, ನ್ಯೂಯಾರ್ಕ್ ಆದಮೇಲೆ ಬರುವ ಹೆಸರು ಇದೇ. ಆದರೆ ಅಲ್ಲಿ ಟಿಕೆಟ್ ಕೊಂಡು ಒಳಗೆ ಹೋದವರು ಕಡಿಮೆ. ‘ಎಲ್ಲಾ ಹೊರಗಿಂದಲೇ ಕಾಣುತ್ತೆ ಕಣ್ರೀ, ದುಡ್ಡು ಯಾಕೆ ದಂಡ?’ ಎನ್ನುತ್ತಾರೆ. ಆ ಮಾತು ಪೂರ್ತಿ ಸುಳ್ಳೇನಲ್ಲ. ಆದರೂ ಪ್ರವಾಸದ ಖರ್ಚಿನಲ್ಲಿ ಎಲ್ಲಿ ಕೈ ಬಿಗಿ ಹಿಡಿದರೂ ಈ ಊರಿನ ಟಿಕೆಟ್ಟಿನಲ್ಲಿ ಹಿಡಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆಂದು ಹೇಳುತ್ತೇನೆ.

1699ರಿಂದ 1780ರವರೆಗೆ ವರ್ಜೀನಿಯಾದ ರಾಜಧಾನಿ ವಿಲಿಯಮ್ಸ್‌ಬರ್ಗ್. ರಾಜಧಾನಿ ರಿಚ್ಮಂಡ್‌ಗೆ ಹೋದಮೇಲೆ ಊರು ಮಂಕಾಯಿತು. 1926ರ ಹೊತ್ತಿಗೆ ಅಲ್ಲಿನ ಬ್ರೂಟನ್ ಪ್ಯಾರಿಷ್ ಚರ್ಚಿನ ಪಾದ್ರಿ ಡಬ್ಲ್ಯು.ಎ.ಆರ್. ಗುಡ್‌ವಿನ್ ಎಂಬವರು ಎಣ್ಣೆ ಸಾಹುಕಾರರ ಮಗ ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ ಅವರ ಮನಸ್ಸು ಒಲಿಸಿ, ಹಳೆಯ ಊರನ್ನು ಮತ್ತೆ ನಿಲ್ಲಿಸುವ ಕೆಲಸಕ್ಕೆ ಕೈ ಹಾಕಿದರು. ಕೊಳ್ಳುತ್ತಿರುವವರು ಯಾರೆಂದು ಗೊತ್ತಾದರೆ ನಿವೇಶನಗಳ ಬೆಲೆ ಗಗನಕ್ಕೇರುತ್ತದೆಂದು ರಾಕ್‌ಫೆಲ್ಲರ್ ಹೆಸರು ಹೊರಬೀಳದಂತೆ ಪಾದ್ರಿಯ ಕೈಯಿಂದಲೇ ಒಂದೊಂದಾಗಿ ಮನೆಗಳನ್ನು ಕೊಳ್ಳಿಸಿದರು. ಊರಿನವರಿಗೆ ವಿಷಯ ತಿಳಿದದ್ದು 1928ರಲ್ಲಿ. ಈಗ ಸುಮಾರು 300 ಎಕರೆಯಲ್ಲಿ ಹದಿನೆಂಟನೇ ಶತಮಾನದ್ದೇ ಆದ 80ಕ್ಕೂ ಹೆಚ್ಚು ಕಟ್ಟಡಗಳಿವೆ, ಉಳಿದ ನೂರಾರು ಕಟ್ಟಡಗಳನ್ನು ಹಳೆಯ ಬುನಾದಿ ಅಗೆದು ನೋಡಿ ಮತ್ತೆ ಕಟ್ಟಿದ್ದಾರೆ. ಕುಲುಮೆ, ಮುದ್ರಣಾಲಯ, ಅಕ್ಕಸಾಲಿಗರ ಅಂಗಡಿ, ಸೆರೆಮನೆ ಎಲ್ಲವೂ ಇವೆ. ಆ ಕಾಲದ ಬಟ್ಟೆ ತೊಟ್ಟವರು ಆ ಕಾಲದ ಕೆಲಸವನ್ನೇ ಮಾಡುತ್ತಿರುತ್ತಾರೆ. ನಟನೆಗೆಂದು ಸುತ್ತಿಗೆ ಹಿಡಿದು ನಿಂತವರಲ್ಲ ಇವರು. ವರ್ಷಗಟ್ಟಲೆ ಗುರುವಿನ ಕೈಕೆಳಗೆ ಪಳಗಿದ ಕಸುಬುದಾರರು.

ಲೆಕ್ಕಕ್ಕೆ ಬರೋಣ. ಊರಿಗೆ ಹೆಬ್ಬಾಗಿಲಿಲ್ಲ. ಡ್ಯೂಕ್ ಆಫ್ ಗ್ಲಾಸ್ಟರ್ ಎಂಬ ಮುಖ್ಯ ಬೀದಿ ಹೆಚ್ಚುಕಡಿಮೆ ಒಂದು ಮೈಲಿ ಉದ್ದ, ಯಾರು ಬೇಕಾದರೂ ನಡೆದಾಡಬಹುದು. ಟಿಕೆಟ್ ಬೇಕಾಗುವುದು ಬಾಗಿಲು ದಾಟಿ ಒಳಗೆ ಹೋಗಲು. ನಾವು ಹೋದಾಗ ದೊಡ್ಡವರಿಗೆ ಒಂದು ದಿನಕ್ಕೆ ತಲೆಗೆ ಸುಮಾರು 50 ಡಾಲರ್. ನಾವಿಬ್ಬರು, ಅತ್ತೆ, ಮಾವ ಸೇರಿದರೆ ಅಲ್ಲಿಗೇ 200, ಮಕ್ಕಳದ್ದು ಬೇರೆ. ಹೊರಗೆ ಪುಕ್ಕಟೆ ತಿರುಗಾಡಬಹುದಾದಾಗ ಈ ಮೊತ್ತ ಕೇಳಿದರೆ ಯಾರಿಗಾದರೂ ಎದೆ ಧಸಕ್ ಎನ್ನುತ್ತದೆ. ಆದರೆ ಅದೇ ಕಿಟಕಿಯಲ್ಲಿ ಹಲವು ದಿನದ ಟಿಕೆಟ್ಟಿನ ದರವನ್ನೂ ಕೇಳಿ. ಒಂದು ದಿನದ್ದಕ್ಕಿಂತ ಸ್ವಲ್ಪವೇ ಹೆಚ್ಚು. ಒಂದೇ ದಿನದಲ್ಲಿ ಎಲ್ಲ ಅಂಗಡಿ ಮುಗಿಸಬೇಕೆಂದು ಮಕ್ಕಳ ಕೈ ಹಿಡಿದು ಎಳೆದಾಡುವವರಿಗೆ ದಕ್ಕುವುದು ಕಾಲುನೋವು. ಜುಲೈನಲ್ಲಿ ವರ್ಜೀನಿಯಾದ ಸೆಕೆ ನಮ್ಮ ಮಂಗಳೂರಿನ ಮೇ ತಿಂಗಳಿಗೆ ಕಡಿಮೆಯೇನಿಲ್ಲ. ಬೆಳಿಗ್ಗೆ ಎರಡು ಕಡೆ, ಮಧ್ಯಾಹ್ನ ರೂಮಿನಲ್ಲಿ ನಿದ್ದೆ, ಸಂಜೆ ಇನ್ನೊಂದು ಕಡೆ: ಹಲವು ದಿನದ ಟಿಕೆಟ್ ಇದ್ದರೆ ಮಾತ್ರ ಹೀಗೆ ನಿಧಾನಿಸಬಹುದು.

ಆ ಹಣವನ್ನು ಎಲ್ಲಿಂದ ತರುವುದು? ಹಾಸಿಗೆಯಿಂದ ಮತ್ತು ಊಟದಿಂದ. ಹಳೆಯ ಊರಿನ ಒಳಗೇ ಇರುವ ವಸತಿಗಳು ಚೆಂದ, ಬೆಲೆಯೂ ಹಾಗೇ. ನಾಲ್ಕೈದು ಮೈಲಿ ಆಚೆ, ಸಣ್ಣ ಅಡಿಗೆಮನೆಯೂ ಬೆಳಗಿನ ತಿಂಡಿಯೂ ಇರುವ ಹೋಟೆಲ್ ಹಿಡಿದೆವು. ಭಾನುವಾರದಿಂದ ಗುರುವಾರದವರೆಗಿನ ರಾತ್ರಿಗಳ ದರ ವಾರಾಂತ್ಯದಷ್ಟು ಇರುವುದಿಲ್ಲ. ರಜೆಯಲ್ಲಿ ಮಕ್ಕಳಿಗೆ ಶನಿವಾರವೂ ಒಂದೇ ಮಂಗಳವಾರವೂ ಒಂದೇ. ಅಲ್ಲಿನ ಹಳೆಕಾಲದ ಟ್ಯಾವರ್ನ್‌ಗಳಲ್ಲಿ ಸಸ್ಯಾಹಾರಿಗಳಿಗೆ ಸಿಗುವುದೂ ಅಷ್ಟಕ್ಕಷ್ಟೇ. ಅತ್ತೆ ಪುಳಿಯೋಗರೆ ಗೊಜ್ಜು ಮಾಡಿಕೊಂಡೇ ಹೊರಟಿದ್ದರು, ಕುಕ್ಕರ್ ಕಾರಿನಲ್ಲಿತ್ತು. ಬುತ್ತಿ ಕಟ್ಟಿದ್ದರಿಂದ ಉಳಿದ ದುಡ್ಡೇ ಟಿಕೆಟ್ಟಿನ ದೊಡ್ಡ ಪಾಲನ್ನು ತುಂಬಿತು.

ಇನ್ನು ಒಳಗೆ ಏನು ಸಿಕ್ಕಿತು ಎನ್ನುವುದು.

ಇಟ್ಟಿಗೆ ಮಾಡುವ ಜಾಗದಲ್ಲಿ ಒಂದು ಗುಂಡಿ ಇದೆ. ಬೇಸಿಗೆಯಲ್ಲಿ ಅದರಲ್ಲಿ ಜೇಡಿಮಣ್ಣು, ನೀರು ಸುರಿದು ಬರಿಗಾಲಿನಲ್ಲಿ ತುಳಿಯುತ್ತಾರೆ, ಬಂದ ಮಕ್ಕಳನ್ನೂ ಇಳಿಸಿಕೊಳ್ಳುತ್ತಾರೆ. ನನ್ನ ಮಗಳು, ಮಗ ಇಬ್ಬರೂ ಮೊಣಕಾಲವರೆಗೆ ಕೆಸರು ಮಾಡಿಕೊಂಡು ತುಳಿದರು. ಹದಕ್ಕೆ ಬಂದ ಮಣ್ಣನ್ನು ಮರದ ಅಚ್ಚಿಗೆ ಬಡಿದು, ಮೇಲಿನದನ್ನು ಪಟ್ಟಿಯಿಂದ ಸವರಿ, ಮರಳು ಹರಡಿದ ನೆಲದ ಮೇಲೆ ಅಚ್ಚನ್ನು ಕವುಚಿ ಎತ್ತಿದರೆ ಹಸಿ ಇಟ್ಟಿಗೆ. ಅವುಗಳನ್ನು ಸಾಲಾಗಿ ಒಣಗಿಸಿ, ಶರತ್ಕಾಲದಲ್ಲಿ ಗೂಡು ಜೋಡಿಸಿ ಸೌದೆ ಉರಿಸಿ ಸುಡುತ್ತಾರೆ. ಮಂಡ್ಯ ಕಡೆ ಗದ್ದೆಬದಿಯಲ್ಲಿ ಇಂಥ ಗೂಡುಗಳನ್ನು ಕಂಡಿದ್ದ ಮಾವನವರಿಗೆ ವಿವರಣೆಯೇ ಬೇಕಾಗಲಿಲ್ಲ. ಆ ಕೆಲಸಗಾರನ ಕೈ ನೋಡುತ್ತಾ ನಿಂತುಬಿಟ್ಟರು.

ಮಗಳು ಕಾಲು ತೊಳೆದುಕೊಳ್ಳುತ್ತಾ ಕೆಲಸಗಾರನನ್ನು ಕೇಳಿದಳು: ಆಗ ಇದನ್ನು ತುಳಿಯುತ್ತಿದ್ದವರಿಗೆ ದಿನಕ್ಕೆ ಎಷ್ಟು ಸಂಬಳ? ಆತ ಮಾತು ತೇಲಿಸಲಿಲ್ಲ. ಅವರಲ್ಲಿ ಎಷ್ಟೋ ಜನ ಗುಲಾಮರು, ಅವರಿಗೆ ಕೂಲಿಯೇ ಇಲ್ಲ, ಬೇರೆಯವರ ಕೆಲಸಕ್ಕೆ ಬಾಡಿಗೆಗೆ ಕಳಿಸಿದರೂ ಹಣ ಹೋಗುತ್ತಿದ್ದುದು ಒಡೆಯನಿಗೆ ಎಂದ. ಸ್ವಾತಂತ್ರ್ಯದ ಹೋರಾಟದ ಹೊತ್ತಿಗೆ ಈ ಊರಿನ ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕರಿಯರು, ಬಹುತೇಕ ಎಲ್ಲರೂ ಗುಲಾಮರು. ಬೀದಿಯಲ್ಲಿ ನಡೆದು ಕುದುರೆ ಗಾಡಿ ನೋಡಿ ಬಂದಿದ್ದರೆ ಈ ಪ್ರಶ್ನೆ ಅವಳ ಬಾಯಿಗೆ ಬರುತ್ತಿರಲಿಲ್ಲ. ಮಣ್ಣು ತುಳಿದು ಕಾಲು ಸೋತಿದ್ದಕ್ಕೇ ಬಂತು. ಸಂಬಳ ಎಂದರೇನು, ದುಡಿಮೆಯ ಫಲ ಯಾರ ಕೈಗೆ ಸೇರುತ್ತದೆ ಎನ್ನುವುದನ್ನು ಇಷ್ಟು ವರ್ಷ ಹಣಕಾಸಿನ ಬಗ್ಗೆ ಬರೆಯುತ್ತಾ ಬಂದ ನಾನು ಮಕ್ಕಳಿಗೆ ಇಷ್ಟು ಚೆನ್ನಾಗಿ ಯಾವ ಪುಸ್ತಕದಿಂದ ಹೇಳಿಕೊಡಲಿ? ಕಪ್ಪು ಮಕ್ಕಳಿಗಾಗಿ 1760ರಿಂದ 1774ರವರೆಗೆ ನಡೆದ ಬ್ರೇ ಶಾಲೆಯ ಕಟ್ಟಡವನ್ನು ಗುರುತು ಹಿಡಿದು 2023ರಲ್ಲಿ ಅಲ್ಲಿಗೇ ಸಾಗಿಸಿ ತಂದಿಟ್ಟಿದ್ದಾರೆ. ಮಕ್ಕಳಿದ್ದವರು ಅದನ್ನು ಬಿಡಬೇಡಿ.

ಪೀಪಾಯಿ ಮಾಡುವವರ ಕೊಟ್ಟಿಗೆಯಲ್ಲಿ ಇನ್ನೊಂದು ಪಾಠ. ಹೊಗೆಸೊಪ್ಪು ತುಂಬುವ ದೊಡ್ಡ ಪೀಪಾಯಿಗೆ ಸುಮಾರು 1000 ಪೌಂಡ್ ಹಿಡಿಯುತ್ತಿತ್ತು. ಇಂಗ್ಲೆಂಡಿನಿಂದ ನಾಣ್ಯ ಸಾಕಷ್ಟು ಬರದ ವರ್ಜೀನಿಯಾದಲ್ಲಿ ಹೊಗೆಸೊಪ್ಪೇ ಹಣ. 1730ರ ಕಾನೂನಿನಂತೆ ಸರಕು ಪರೀಕ್ಷಿಸಿ ಉಗ್ರಾಣದವರು ಕೊಡುತ್ತಿದ್ದ ಚೀಟಿ ಕೈಯಿಂದ ಕೈಗೆ ನೋಟಿನಂತೆ ಓಡಾಡುತ್ತಿತ್ತು. ಚರ್ಚಿನ ಪಾದ್ರಿಯ ವರ್ಷದ ಸಂಬಳ 16,000 ಪೌಂಡ್ ಹೊಗೆಸೊಪ್ಪು! ಇದನ್ನು ಕೇಳಿ ಮಗ ನಕ್ಕ. ಮಾವನವರು ಅವನನ್ನು ಪಕ್ಕಕ್ಕೆ ಕರೆದರು. ‘ನಗಬೇಡ ಮಗಾ, ನಮ್ಮೂರಲ್ಲೂ ಹಂಗೇ. ಗುಳ ತಟ್ಟಿಕೊಟ್ಟ ಆಚಾರಿಗೆ ಯಾರು ದುಡ್ಡು ಎಣಿಸ್ತಿದ್ರು? ಸುಗ್ಗೀಲಿ ಕಣಕ್ಕೇ ಬಂದು ಆಯದ ರಾಗಿ ಅಳಿಸ್ಕೊಂಡು ಹೋಗೋನು.’ ಪೌಂಡಿಗೆ 20 ಷಿಲಿಂಗ್, ಷಿಲಿಂಗಿಗೆ 12 ಪೆನ್ಸ್ ಎಂಬ ಲೆಕ್ಕವೂ ಅವರಿಗೆ ಸಲೀಸು. 1957ರಲ್ಲಿ ನಯಾಪೈಸೆ ಬರುವ ಮುಂಚೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಎಂದು ಮಗ್ಗಿ ಒಪ್ಪಿಸಿದವರಲ್ಲವೇ. ಮೊಮ್ಮಕ್ಕಳಿಗೆ ತಾತನ ಬಾಲ್ಯ ಅರ್ಥವಾಗಲು ಪರದೇಶದ ಪೀಪಾಯಿ ಕೊಟ್ಟಿಗೆ ಬೇಕಾಯಿತು, ಅದಕ್ಕೆ ಕೊಟ್ಟ ಟಿಕೆಟ್ ದುಬಾರಿ ಎಂದು ನಾನು ಒಪ್ಪುವುದಿಲ್ಲ.

ಸೆರೆಮನೆ 1704ರದ್ದು. ಕಳ್ಳರು, ಕಡಲ್ಗಳ್ಳರ ಜೊತೆ ಸಾಲ ತೀರಿಸಲಾಗದವರನ್ನೂ ಅಲ್ಲಿ ಕೂಡುತ್ತಿದ್ದರು. ಬಡವನಿಗೆ ಹೀಗಾದರೆ ದೊಡ್ಡವರ ಸಾಲದ ಕಥೆ ಬೇರೆ. ಇದೇ ಊರಿನ ಗವರ್ನರ್ ಅರಮನೆಯಲ್ಲಿ ವಾಸವಿದ್ದ ಥಾಮಸ್ ಜೆಫರ್ಸನ್ 1826ರಲ್ಲಿ ತೀರಿಕೊಂಡಾಗ ಸಾಲ 1 ಲಕ್ಷ ಡಾಲರ್ ಮೀರಿತ್ತು. ಮರುವರ್ಷ ಅದನ್ನು ತೀರಿಸಲು ಅವರ ಮಾಂಟಿಸೆಲೊ ತೋಟದಲ್ಲಿ ಗುಲಾಮರನ್ನು ಹರಾಜಿಗಿಟ್ಟರು, ಅಪ್ಪ ಅಮ್ಮ ಒಬ್ಬರ ಪಾಲಿಗೆ, ಮಕ್ಕಳು ಇನ್ನೊಬ್ಬರ ಪಾಲಿಗೆ ಹೋದರು. ಮಕ್ಕಳಿಗೆ ಇದನ್ನು ಹೇಳಬೇಕೇ ಎಂದು ಅತ್ತೆ ಕೇಳಿದರು. ಹೇಳಬೇಕು ಎಂದೇ ನನಗನಿಸಿತು, ಅರಮನೆಯ ತೋಟದ ಬೆಂಚಿನ ಮೇಲೆ ಕೂತು ಹೇಳಿದೆ.

ಟಿಕೆಟ್ ಹಣ ಎಲ್ಲಿಗೆ ಹೋಗುತ್ತದೆ ಎನ್ನುವುದೂ ತಿಳಿದಿರಲಿ. ಊರನ್ನು ನಡೆಸುವುದು ಲಾಭಕ್ಕಾಗಿ ನಡೆಯದ ಒಂದು ಪ್ರತಿಷ್ಠಾನ. 2017ರ ಹೊತ್ತಿಗೆ ಅದರ ಸಾಲ 30 ಕೋಟಿ ಡಾಲರ್ ದಾಟಿ, ಹಲವರು ಕೆಲಸ ಕಳೆದುಕೊಂಡರು, ಗಾಲ್ಫ್ ಮೈದಾನ, ಅಂಗಡಿಗಳಂಥ ವ್ಯವಹಾರಗಳನ್ನು ಹೊರಗಿನವರಿಗೆ ವಹಿಸಬೇಕಾಯಿತು. ಕಟ್ಟಡವನ್ನು ಒಮ್ಮೆ ಕಟ್ಟಿದರೆ ಆಯಿತು, ರಾಕ್‌ಫೆಲ್ಲರ್ ಅದನ್ನು ಮಾಡಿಟ್ಟರು. ಆದರೆ ತಿದಿ ಒತ್ತುವವನಿಗೆ, ಅಚ್ಚುಮೊಳೆ ಜೋಡಿಸುವವಳಿಗೆ, ಮಕ್ಕಳ ಪ್ರಶ್ನೆಗೆ ನಿಂತು ಉತ್ತರ ಹೇಳುವ ಇಟ್ಟಿಗೆಯವನಿಗೆ ತಿಂಗಳು ತಿಂಗಳು ಸಂಬಳ ಬೇಕು. ಬೀದಿಯಲ್ಲಷ್ಟೇ ನಡೆದು ಬಂದರೆ ಆ ಸಂಬಳಕ್ಕೆ ನಮ್ಮ ಪಾಲಿಲ್ಲ.

ಹಾಗೆಂದು ಎಲ್ಲದಕ್ಕೂ ಜೇಬು ಬಿಚ್ಚಬೇಕಿಲ್ಲ. ಹತ್ತಿರದ ಬುಷ್ ಗಾರ್ಡನ್ಸ್‌ನ ರೋಲರ್ ಕೋಸ್ಟರ್‌ಗಳನ್ನು ಈ ಸಲಕ್ಕೆ ಬೇಡವೆಂದು ಮನೆಯಲ್ಲೇ ಮಾತಾಡಿಕೊಂಡಿದ್ದೆವು. ಕುದುರೆ ಗಾಡಿಯ ಸವಾರಿಗೆ ಬೇರೆ ಹಣ, ಬಿಟ್ಟೆವು. ನೆನಪಿನ ಕಾಣಿಕೆಗೆಂದು ಮಕ್ಕಳ ಕೈಗೆ ತಲಾ ಇಷ್ಟು ಎಂದು ಕೊಟ್ಟು, ಹೇಗೆ ಖರ್ಚು ಮಾಡುತ್ತೀರೋ ನಿಮಗೇ ಬಿಟ್ಟದ್ದು ಎಂದೆ. ಜೇಮ್ಸ್‌ಟೌನ್‌ಗೂ ಹೋಗುವವರಿಗೆ ಒಂದು ಮಾತು: ಆ ಹೆಸರಿನಲ್ಲಿ ಎರಡು ಜಾಗಗಳಿವೆ. 1607ರ ಕೋಟೆಯ ನಿಜವಾದ ನೆಲ, ಇನ್ನೂ ಅಗೆತ ನಡೆಯುತ್ತಿರುವುದು ಹಿಸ್ಟಾರಿಕ್ ಜೇಮ್ಸ್‌ಟೌನ್. ಆ ಕಾಲದ ಹಡಗುಗಳ ಪ್ರತಿಕೃತಿ ಇರುವುದು ಜೇಮ್ಸ್‌ಟೌನ್ ಸೆಟಲ್‌ಮೆಂಟ್. ಟಿಕೆಟ್ ಬೇರೆಬೇರೆ, ಯಾವುದು ಬೇಕೆಂದು ಮೊದಲೇ ತೀರ್ಮಾನಿಸಿಕೊಳ್ಳಿ. ಮೊದಲನೆಯದರಲ್ಲಿ ರಾಷ್ಟ್ರೀಯ ಉದ್ಯಾನಗಳ ಪಾಸ್ ಇದ್ದವರಿಗೂ ಶುಲ್ಕದ ಒಂದು ಭಾಗವಷ್ಟೇ ಮಾಫಿ. ವಿಲಿಯಮ್ಸ್‌ಬರ್ಗ್, ಜೇಮ್ಸ್‌ಟೌನ್ ಎರಡನ್ನೂ ಸೇರಿಸುವ ಕಲೋನಿಯಲ್ ಪಾರ್ಕ್‌ವೇ ರಸ್ತೆಗೆ ಟೋಲ್ ಇಲ್ಲ, ನದಿ ಪಕ್ಕದಲ್ಲಿ ಕಾರು ನಿಲ್ಲಿಸಿ ಬುತ್ತಿ ಬಿಚ್ಚಲು ಒಳ್ಳೆಯ ಜಾಗಗಳಿವೆ.

ವಾಷಿಂಗ್ಟನ್ನಿನಿಂದ ಮೂರು ಗಂಟೆಯ ದಾರಿಯಲ್ಲಿರುವ ನಮ್ಮಂಥವರು ವರ್ಷದ ಪಾಸಿನ ದರವನ್ನೂ ವಿಚಾರಿಸಬೇಕು. ಬೇಸಿಗೆಯಲ್ಲಿ ತುಳಿದ ಮಣ್ಣಿನ ಇಟ್ಟಿಗೆ ಸುಡುವುದು ಶರತ್ಕಾಲದಲ್ಲಿ, ಹಗಲೂ ರಾತ್ರಿ ಗೂಡು ಉರಿಯುತ್ತಿರುತ್ತದೆ. ನವೆಂಬರಿನ ಚುನಾವಣೆಯ ದಿನ ನಮ್ಮ ಕಡೆ ಶಾಲೆಗೆ ರಜೆ. ಅದರ ಹಿಂದಿನ ದಿನ, ಸೋಮವಾರ ರಾತ್ರಿಯ ರೂಮಿನ ದರ ನೋಡಿದ್ದೇನೆ, ಜುಲೈನದ್ದಕ್ಕಿಂತ ಚೆನ್ನಾಗಿಯೇ ಇಳಿದಿದೆ. ಗೂಡು ಹಚ್ಚುವ ದಿನ ಅವರ ಕ್ಯಾಲೆಂಡರಿನಲ್ಲಿ ಬಂದ ಕೂಡಲೇ ಬುಕ್ ಮಾಡುತ್ತೇವೆ.