ಎಣ್ಣೆ ಬಿಟ್ಟು ಗ್ಯಾಸ್ ಹಿಡಿಯುವ ಮುನ್ನ

ಬಾಸ್ಟನ್ ಹತ್ತಿರದ ಹಳೆಯ ಮನೆ, ನೆಲಮಾಳಿಗೆಯಲ್ಲಿ ಎಣ್ಣೆ ಟ್ಯಾಂಕು, ಅಡುಗೆಗೆ ಕರೆಂಟ್ ಒಲೆ. ಎರಡನ್ನೂ ನ್ಯಾಚುರಲ್ ಗ್ಯಾಸಿಗೆ ಬದಲಿಸಲೇ ಎಂದು ಕೇಳಿದ್ದೀರಿ. ಮೊದಲು ನಿಮ್ಮ ಬೀದಿಯಲ್ಲಿ ಗ್ಯಾಸ್ ಪೈಪು ಹಾದುಹೋಗಿದೆಯೇ ವಿಚಾರಿಸಿ. ಇಲ್ಲವಾದರೆ ಯೋಚನೆ ಬಿಡುವುದೇ ಲೇಸು.

ಒಂದು ಗ್ಯಾಲನ್ ಎಣ್ಣೆಯ ಶಾಖ ಸುಮಾರು 1.4 ಥರ್ಮ್ ಗ್ಯಾಸಿಗೆ ಸಮ. ಕಳೆದ ಚಳಿಗಾಲದಲ್ಲಿ ಉರಿಸಿದ ಎಣ್ಣೆಯನ್ನು ಹಾಗೆ ಲೆಕ್ಕ ಹಾಕಿ, ಗ್ಯಾಸ್ ದರಕ್ಕೆ ಸರಬರಾಜು ಶುಲ್ಕವನ್ನೂ ಸೇರಿಸಿ ಹೋಲಿಸಿ.

ಕೊಟೇಶನ್ನಿನಲ್ಲಿ ಎಷ್ಟೋ ಸಲ ಕಾಣದ ಖರ್ಚು ಚಿಮ್ನಿಯದು. ಗ್ಯಾಸಿನ ಹೊಗೆಯಲ್ಲಿ ನೀರಾವಿ ಹೆಚ್ಚು. ಹಳೆಯ ಇಟ್ಟಿಗೆ ಚಿಮ್ನಿಯೊಳಗೆ ಅದು ತಣಿದು ಗಾರೆಯನ್ನು ತಿನ್ನುತ್ತದೆ. ಒಳಗೆ ಲೋಹದ ಕೊಳವೆ ಇಳಿಸಬೇಕು. ಕಂಡೆನ್ಸಿಂಗ್ ಬಾಯ್ಲರ್ ಆದರೆ ಹೊಗೆಯನ್ನು ಗೋಡೆಯಿಂದಲೇ ಹೊರಗೆ ಬಿಡಬಹುದು.

ಟ್ಯಾಂಕು ತೆಗೆಸುವಾಗ ಹೊರಗೋಡೆಯ ಎಣ್ಣೆ ತುಂಬುವ ಪೈಪನ್ನೂ ಕೀಳಿಸಿ. ವಿಳಾಸ ತಪ್ಪಿ ಬಂದ ಲಾರಿ ಟ್ಯಾಂಕೇ ಇಲ್ಲದ ನೆಲಮಾಳಿಗೆಗೆ ಎಣ್ಣೆ ಸುರಿದದ್ದು ಅಮೆರಿಕದಲ್ಲಿ ನಿಜಕ್ಕೂ ನಡೆದಿದೆ!

ಇನ್ನು ಒಲೆ. ದೋಸೆ ಕಾವಲಿಗೆ, ಒಗ್ಗರಣೆಗೆ ಉರಿಯೇ ಚೆಂದ, ಒಪ್ಪುತ್ತೇನೆ. ಆದರೆ ಆ ಉರಿ ನೈಟ್ರೋಜನ್ ಡೈಆಕ್ಸೈಡನ್ನೂ ಬಿಡುತ್ತದೆ. ಗಾಳಿಯನ್ನು ಅಡುಗೆಮನೆಗೇ ಮರಳಿ ಊದುವ ಹುಡ್ ಸಾಲದು, ಮನೆಯಾಚೆ ತಳ್ಳುವಂಥದ್ದು ಬೇಕು. ಮಗನಿಗೆ ಆಸ್ತಮಾ ಎಂದಿದ್ದೀರಿ. ನಾನಾದರೆ ಬಾಯ್ಲರ್ ಮಾತ್ರ ಬದಲಿಸಿ, ಅಡುಗೆಗೆ ಇಂಡಕ್ಷನ್ ತರುತ್ತೇನೆ. ಸಹಿ ಹಾಕುವ ಮೊದಲು ಹೀಟ್ ಪಂಪಿನದೂ ಒಂದು ಕೊಟೇಶನ್ ತರಿಸಿ.